ಬೆರೆತುದೂ ಒಂದಾದುದೂ: ಮಿಶ್ರಣ, ಸಂಯುಕ್ತ ಮತ್ತು ಬೇರ್ಪಡಿಸುವ ವಿದ್ಯೆ

ರಸಾಯನ ಶಾಸ್ತ್ರದ ಮೊದಲ ಪಾಠಗಳಲ್ಲಿ ಮಿಶ್ರಣ ಮತ್ತು ಸಂಯುಕ್ತಗಳ ಪಾಠವೂ ಒಂದು. ವಿಜ್ಞಾನವನ್ನು ಕಲಿಸುವ ಉಪಾಧ್ಯಾಯರು ಇದನ್ನು ವರ್ಷಕ್ಕೊಮ್ಮೆಯಾದರೂ ಹೇಳಲೇಬೇಕು. ಆದರೆ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತೆರೆದು ನೋಡಿದರೆ ಸೋಸುವಿಕೆ, ಆವೀಕರಣ, ಬಟ್ಟಿಯಿಳಿಸುವಿಕೆ, ಸ್ಫಟಿಕೀಕರಣ, ಉತ್ಪತನ ಎಂದು ಐದಾರು ಹೆಸರುಗಳು ಒಂದರ ಕೆಳಗೊಂದಾಗಿ ನಿಂತಿರುತ್ತವೆಯೇ ಹೊರತು, ಯಾವುದನ್ನು ಎಲ್ಲಿ ಬಳಸಬೇಕು, ಏಕೆ ಬಳಸಬೇಕು ಎಂಬ ವಿವೇಚನೆ ಕಾಣುವುದು ವಿರಳ. ಇದನ್ನು ಮಕ್ಕಳ ದೋಷವೆನ್ನಲಾಗದು. ಪುಸ್ತಕಗಳು ಪಟ್ಟಿಯನ್ನು ಕೊಡುತ್ತವೆ. ಪಟ್ಟಿಯ ಹಿಂದಿರುವ ತತ್ತ್ವ ಎಷ್ಟೋ ಸಲ ಸಾಲುಗಳ ನಡುವೆ ಅಡಗಿಬಿಡುತ್ತದೆ.

ಆ ತತ್ತ್ವ ಬಹು ಸರಳವಾದುದು. ಬೆರೆತ ವಸ್ತುಗಳು ತಂತಮ್ಮ ಗುಣಗಳನ್ನು ಉಳಿಸಿಕೊಂಡಿರುತ್ತವೆ. ಯಾವ ಗುಣದಲ್ಲಿ ಒಂದು ಇನ್ನೊಂದಕ್ಕಿಂತ ಬೇರೆಯೋ ಆ ಗುಣವೇ ಅವನ್ನು ಬೇರ್ಪಡಿಸುವ ಸಾಧನ. ಹಳೆಯ ಗುಣಗಳು ಅಳಿದು ಹೊಸ ಗುಣ ಹುಟ್ಟಿದಲ್ಲಿ ಮೊರ, ಜರಡಿ, ಬಟ್ಟೆ, ಬಟ್ಟಿ ಯಾವುದೂ ಕೆಲಸಕ್ಕೆ ಬಾರದು. ಇಷ್ಟನ್ನು ಮನದಟ್ಟು ಮಾಡಿಕೊಟ್ಟರೆ ಪಟ್ಟಿ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ. ಇದನ್ನು ಕನ್ನಡದ ಮನೆಮಾತಿನಿಂದಲೂ ನಮಗೆ ಪರಿಚಿತವಾದ ದೃಷ್ಟಾಂತಗಳಿಂದಲೂ ವಿವರಿಸಿ, ಎರಡು ಮೂರು ಭಾಷೆಗಳ ನಡುವೆ ನಿಂತು ಪಾಠ ಹೇಳುವ ಗಡಿನಾಡಿನ ಸಹೋದ್ಯೋಗಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೂರು ದೃಷ್ಟಾಂತಗಳು

ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಸೇರಿ ಬಂದಾಗ ಅವುಗಳ ಸಂಬಂಧವನ್ನು ನಮ್ಮ ಆಲಂಕಾರಿಕರು ಎರಡು ನ್ಯಾಯಗಳಿಂದ ವಿವರಿಸುತ್ತಾರೆ. ಎಳ್ಳೂ ಅಕ್ಕಿಯೂ ಸೇರಿದಂತೆ ಎರಡೂ ಬೇರೆಬೇರೆಯಾಗಿ ಕಾಣುವಂತಿದ್ದರೆ ಅದು ತಿಲತಂಡುಲ ನ್ಯಾಯ, ಅಲ್ಲಿರುವುದು ಸಂಸೃಷ್ಟಿ. ಹಾಲೂ ನೀರೂ ಸೇರಿದಂತೆ ಇದು ಇದು, ಅದು ಅದು ಎಂದು ಬೆರಳಿಟ್ಟು ತೋರಿಸಲಾಗದಂತಿದ್ದರೆ ಅದು ಕ್ಷೀರನೀರ ನ್ಯಾಯ, ಅಲ್ಲಿರುವುದು ಸಂಕರ. ಕಾವ್ಯಕ್ಕಾಗಿ ಹುಟ್ಟಿದ ಈ ವಿಂಗಡಣೆ ರಸಾಯನ ಶಾಸ್ತ್ರದ ಮಿಶ್ರಣಗಳಿಗೂ ಚೆನ್ನಾಗಿ ಒಪ್ಪುತ್ತದೆ. ಮರಳಿನಲ್ಲಿ ಕಬ್ಬಿಣದ ಪುಡಿ ಬೆರೆತರೆ ಅದು ಅಸಮರೂಪ ಮಿಶ್ರಣ, ಎಳ್ಳು ಅಕ್ಕಿಯ ಬಗೆ. ನೀರಿನಲ್ಲಿ ಉಪ್ಪು ಕರಗಿದರೆ ಅದು ಸಮರೂಪ ಮಿಶ್ರಣ, ಹಾಲು ನೀರಿನ ಬಗೆ. ಎರಡೂ ಮಿಶ್ರಣಗಳೇ ಎಂಬುದನ್ನು ಮರೆಯಬಾರದು. ಕಣ್ಣಿಗೆ ಕಾಣದಷ್ಟು ಬೆರೆತಿದ್ದರೂ ಉಪ್ಪು ತನ್ನ ರುಚಿಯನ್ನು ಬಿಟ್ಟಿಲ್ಲ. ನೀರು ತನ್ನ ದ್ರವತ್ವವನ್ನು ಬಿಟ್ಟಿಲ್ಲ.

ಮೂರನೆಯ ಬಗೆಗೆ ದೃಷ್ಟಾಂತ ಬೇಕಾದರೆ ಅಲಂಕಾರ ಗ್ರಂಥಗಳನ್ನು ಬಿಟ್ಟು ದರ್ಶನ ಗ್ರಂಥಗಳ ಕಡೆಗೆ ತಿರುಗಬೇಕು. ಜಡಭೂತಗಳ ಸಂಯೋಗದಿಂದಲೇ ಚೈತನ್ಯ ಹುಟ್ಟುತ್ತದೆಂದು ಸಾಧಿಸಲು ಚಾರ್ವಾಕರು ತಾಂಬೂಲದ ಉದಾಹರಣೆಯನ್ನು ಕೊಟ್ಟರೆಂದು ಪ್ರಸಿದ್ಧಿ. ವೀಳ್ಯದೆಲೆ ಹಸಿರು, ಸುಣ್ಣ ಬಿಳುಪು, ಅಡಿಕೆ ಕಂದು. ಮೂರನ್ನೂ ಕೂಡಿಸಿ ಅಗಿದಾಗ ಮೂರರಲ್ಲಿಯೂ ಇಲ್ಲದ ಕೆಂಪು ಬರುತ್ತದೆ. ಚೈತನ್ಯದ ವಾದ ನಮಗಿಲ್ಲಿ ಬೇಡ, ದೃಷ್ಟಾಂತವಷ್ಟೇ ಸಾಕು. ಯಾವುದರಲ್ಲಿಯೂ ಇಲ್ಲದ ಗುಣ ಕೂಟದಲ್ಲಿ ಹುಟ್ಟಿತೆಂದರೆ ಅಲ್ಲಿ ರಾಸಾಯನಿಕ ಕ್ರಿಯೆ ನಡೆದಿದೆಯೆಂದು ಊಹಿಸಬಹುದು. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬಿದ್ದಾಗ ಕಾಣುವ ಕೆಂಪೂ ಇದೇ ಜಾತಿಯದು. ಆ ಕೆಂಪನ್ನು ಸೋಸಿ ತೆಗೆಯಲಾಗದು. ಆದರೆ ನಿಂಬೆಯ ಹುಳಿಯನ್ನು ಸಾಕಷ್ಟು ಹಿಂಡಿದರೆ ಹಳದಿ ಮರಳಿ ಬರುತ್ತದೆ. ರಾಸಾಯನಿಕ ಕ್ರಿಯೆಯಿಂದಾದುದನ್ನು ಇನ್ನೊಂದು ರಾಸಾಯನಿಕ ಕ್ರಿಯೆಯಿಂದಲೇ ಬಿಡಿಸಬೇಕೆಂಬುದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ತರಗತಿಗೆ ಸಿಕ್ಕಲಾರದು.

ಸಂಯುಕ್ತದ ಶಾಸ್ತ್ರೀಯ ಉದಾಹರಣೆ ಕಬ್ಬಿಣ ಮತ್ತು ಗಂಧಕದ್ದು. ಕಬ್ಬಿಣದ ಪುಡಿಯನ್ನೂ ಗಂಧಕದ ಪುಡಿಯನ್ನೂ ಯಾವ ಪ್ರಮಾಣದಲ್ಲಿ ಬೇಕಾದರೂ ಬೆರಸಬಹುದು. ಅಯಸ್ಕಾಂತವನ್ನು ಹಿಡಿದರೆ ಕಬ್ಬಿಣವಷ್ಟೂ ಅದಕ್ಕೆ ಅಂಟಿಕೊಂಡು ಹೊರಬರುತ್ತದೆ. ಅದೇ ಪುಡಿಯನ್ನು ಬಲವಾಗಿ ಕಾಯಿಸಿದರೆ ಅದು ಕೆಂಡದಂತೆ ಹೊಳೆದು ಕಪ್ಪಾದ ಗಟ್ಟಿಯಾಗುತ್ತದೆ. ಆಗ ೭ ಗ್ರಾಂ ಕಬ್ಬಿಣಕ್ಕೆ ೪ ಗ್ರಾಂ ಗಂಧಕ ಎಂಬ ಲೆಕ್ಕದಲ್ಲಿಯೇ ಅವು ಕೂಡುತ್ತವೆ. ೮ ಗ್ರಾಂ ಕಬ್ಬಿಣವನ್ನು ಹಾಕಿದರೆ ೧ ಗ್ರಾಂ ಕೂಡದೆ ಉಳಿಯುತ್ತದೆ. ಕೂಡಿದ ಕಬ್ಬಿಣ ಮೊದಲಿನಂತೆ ಅಯಸ್ಕಾಂತಕ್ಕೆ ಓಗೊಡದು. ಮಿಶ್ರಣಕ್ಕೆ ಪ್ರಮಾಣದ ಹಂಗಿಲ್ಲ. ಸಂಯುಕ್ತಕ್ಕೆ ಗೊತ್ತಾದ ಪ್ರಮಾಣ ಉಂಟು. ಪ್ರಕೃತಿಯಲ್ಲಿ ಸಿಕ್ಕ ತಾಮ್ರದ ಕಾರ್ಬನೇಟನ್ನೂ ತಾನು ತಯಾರಿಸಿದ ಕಾರ್ಬನೇಟನ್ನೂ ಹೋಲಿಸಿ ಎರಡರ ಪ್ರಮಾಣವೂ ಒಂದೇ ಎಂದು ೧೭೯೯ರಲ್ಲಿ ತೋರಿಸಿದವನು ಫ್ರೆಂಚ್ ರಸಾಯನಜ್ಞ ಪ್ರೂಸ್ಟ್.

ನಮ್ಮ ಊಟದ ಎಲೆಯ ತುದಿಯಲ್ಲಿರುವ ಉಪ್ಪನ್ನೇ ನೋಡಬಹುದು. ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುವ ಲೋಹ. ಕ್ಲೋರೀನು ೧೯೧೫ರಲ್ಲಿ ಬೆಲ್ಜಿಯಮ್ಮಿನ ರಣಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟ ವಿಷವಾಯು. ೧೦೦ ಗ್ರಾಂ ಉಪ್ಪಿನಲ್ಲಿ ಸುಮಾರು ೩೯ ಗ್ರಾಂ ಆ ಲೋಹವೂ ೬೧ ಗ್ರಾಂ ಆ ವಿಷವೂ ಇವೆ. ಅವು ಬರಿಯ ಬೆರೆತಿದ್ದರೆ ಉಣ್ಣುವವರ ಗತಿಯೇನು? ಒಂದಾಗಿರುವುದರಿಂದಲೇ ಅದು ರುಚಿಗೆ ಮೂಲವಾಗಿದೆ.

ಎಳ್ಳು ಅಕ್ಕಿಯ ಬಗೆಯನ್ನು ಬೇರ್ಪಡಿಸುವುದು

ಕಣ್ಣಿಗೆ ಕಾಣುವ ಮಿಶ್ರಣವನ್ನು ಬೇರ್ಪಡಿಸುವ ವಿದ್ಯೆಯನ್ನು ಕನ್ನಡದ ಮನೆಗಳು ಪುಸ್ತಕದಿಂದ ಕಲಿತುದಲ್ಲ. ಅಕ್ಕಿಯಲ್ಲಿ ಕಲ್ಲು ಕಂಡರೆ ಆರಿಸುತ್ತೇವೆ. ಅಲ್ಲಿ ಬಣ್ಣ ಮತ್ತು ಆಕಾರಗಳ ವ್ಯತ್ಯಾಸವೇ ಸಾಧನ. ಹಿಟ್ಟನ್ನು ಜರಡಿ ಹಿಡಿಯುತ್ತೇವೆ; ಅಲ್ಲಿ ಕಣದ ಗಾತ್ರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕಣಗಳಲ್ಲಿ ಜೋಳದ ರಾಶಿಯನ್ನು ಗಾಳಿಗೆ ಹಿಡಿದು ತೂರುತ್ತಿದ್ದುದೂ, ಮನೆಯೊಳಗೆ ಮೊರದಲ್ಲಿ ಕೇರುವುದೂ ಒಂದೇ ತತ್ತ್ವದ ಎರಡು ರೂಪಗಳು: ಹಗುರವಾದ ಹೊಟ್ಟನ್ನು ಗಾಳಿ ಒಯ್ಯುತ್ತದೆ, ಭಾರವಾದ ಕಾಳು ನೇರ ಕೆಳಗೆ ಬೀಳುತ್ತದೆ. ಒಕ್ಕಣೆಯ ಯಂತ್ರಗಳು ಬಂದಮೇಲೆ ತೂರುವ ನೋಟ ಅಪೂರ್ವವಾಗಿದೆ. ಯಂತ್ರದೊಳಗಿನ ಬೀಸಣಿಗೆ ಮಾಡುವ ಕೆಲಸವೂ ಅದೇ.

ರಾಗಿಯನ್ನೋ ಅಕ್ಕಿಯನ್ನೋ ನೀರಿನಲ್ಲಿ ಜಾಲಿಸುವಾಗ ಭಾರವಾದ ಕಲ್ಲು ತಳದಲ್ಲಿ ನಿಲ್ಲುತ್ತದೆ. ಹೊಳೆಯ ಮರಳಿನಲ್ಲಿ ಚಿನ್ನದ ಕಣ ಹುಡುಕುವವನು ಮಾಡುವುದೂ ಇದನ್ನೇ. ಸಾಮಾನ್ಯ ಮರಳು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಚಿನ್ನ ಹತ್ತೊಂಬತ್ತು ಪಟ್ಟಿಗೂ ಹೆಚ್ಚು ಭಾರ. ಬೋಗುಣಿಯನ್ನು ಅಲುಗಿಸಿದಂತೆ ಮರಳು ನೀರಿನೊಡನೆ ಹೊರಹೋಗಿ ಚಿನ್ನ ಉಳಿಯುತ್ತದೆ. ಅನ್ನದ ಗಂಜಿಯನ್ನು ಬಸಿಯುವುದು, ಕಷಾಯವನ್ನು ಸೋಸುವುದು, ಕೊಬ್ಬರಿಯನ್ನು ಗಾಣಕ್ಕೆ ಹಾಕುವುದು, ಮೊಸರನ್ನು ಕಡೆಯುವುದು ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಕಡೆಗೋಲಿನ ಹೊಡೆತಕ್ಕೆ ಜಿಡ್ಡಿನ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದೊಡ್ಡವಾಗಿ, ನೀರಿಗಿಂತ ಹಗುರವಾದುದರಿಂದ ಬೆಣ್ಣೆಯಾಗಿ ತೇಲುತ್ತವೆ. ಸ್ವೀಡನ್ನಿನ ದ ಲಾವಾಲ್ ೧೮೭೮ರಲ್ಲಿ ರಚಿಸಿದ ಕೆನೆ ತೆಗೆಯುವ ಯಂತ್ರ ಹಾಲನ್ನು ವೇಗವಾಗಿ ಸುತ್ತಿಸಿ, ಇದೇ ಭಾರದ ವ್ಯತ್ಯಾಸವನ್ನು ದುಡಿಸಿಕೊಂಡಿತು. ಇಲ್ಲಿ ಒಂದು ಸೂಕ್ಷ್ಮವನ್ನು ಮಕ್ಕಳಿಗೆ ತೋರಿಸಬೇಕು. ಮೊಸರಿನಿಂದ ಬೆಣ್ಣೆ ತೆಗೆಯುವುದು ಬೇರ್ಪಡಿಸುವ ಕ್ರಿಯೆ. ಹಾಲು ಹೆಪ್ಪಾಗಿ ಮೊಸರಾಗುವುದು ರಾಸಾಯನಿಕ ಕ್ರಿಯೆ. ಮೊದಲನೆಯದರಲ್ಲಿ ಇದ್ದುದು ಹೊರಬಂತು; ಎರಡನೆಯದರಲ್ಲಿ ಇಲ್ಲದ ಹುಳಿ ಹುಟ್ಟಿತು.

ಆರಿಸು, ಕೇರು, ತೂರು, ಜರಡಿ ಹಿಡಿ, ಜಾಲಿಸು, ಬಸಿ, ಸೋಸು, ಕಡೆ, ಹಿಂಡು. ಇವುಗಳಲ್ಲಿ ಒಂದೊಂದು ಕ್ರಿಯಾಪದವೂ ಒಂದೊಂದು ಗುಣದ ವ್ಯತ್ಯಾಸವನ್ನು ಹಿಡಿದು ನಿಂತಿದೆ. ಪಾಠವನ್ನು ಈ ಕ್ರಿಯಾಪದಗಳಿಂದ ಆರಂಭಿಸಿ ಪಾರಿಭಾಷಿಕ ಶಬ್ದಗಳಿಗೆ ಹೋಗುವುದು ಸುಲಭ. ಪಾರಿಭಾಷಿಕ ಶಬ್ದಗಳಿಂದ ಆರಂಭಿಸಿದರೆ ಮಗು ಮನೆಗೆ ಮರಳುವ ದಾರಿ ದೂರ.

ಹಾಲು ನೀರಿನ ಬಗೆಯನ್ನು ಬೇರ್ಪಡಿಸುವುದು

ಕರಗಿದ ಉಪ್ಪನ್ನು ಯಾವ ಬಟ್ಟೆಯೂ ತಡೆಯದು. ಗಾತ್ರದ ವ್ಯತ್ಯಾಸ ಇಲ್ಲಿ ನೆರವಿಗೆ ಬಾರದುದರಿಂದ ಬೇರೊಂದು ಗುಣವನ್ನು ಹುಡುಕಬೇಕು. ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿದು ಆವಿಯಾಗುತ್ತದೆ, ಬಿಸಿಲಿನಲ್ಲಿಯೂ ಮೆಲ್ಲನೆ ಆರುತ್ತದೆ, ಉಪ್ಪು ಆರುವುದಿಲ್ಲ. ಈ ವ್ಯತ್ಯಾಸವೇ ಗೋವೆಯ ಉಪ್ಪಿನಗದ್ದೆಗಳಿಗೂ ಉತ್ತರ ಕನ್ನಡದ ಸಾಣಿಕಟ್ಟೆಯ ಆಗರಗಳಿಗೂ ಆಧಾರ. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿದ್ದು, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಡಿಗೆಯ ಉಪ್ಪು. ನೀರು ಆರಿದಂತೆ ಎಲ್ಲ ಲವಣಗಳೂ ಒಮ್ಮೆಗೇ ಕೆಳಗಿಳಿಯುವುದಿಲ್ಲ. ಮೊದಲು ಸುಣ್ಣದ ಕಾರ್ಬನೇಟು; ನೀರು ಐದರಲ್ಲೊಂದು ಪಾಲಿನಷ್ಟಾದಾಗ ಜಿಪ್ಸಮ್; ಹತ್ತರಲ್ಲೊಂದು ಪಾಲಿನಷ್ಟಾದಾಗ ಅಡಿಗೆಯ ಉಪ್ಪು. ಕಹಿಯಾದ ಮೆಗ್ನೀಷಿಯಂ ಲವಣಗಳು ಕೊನೆಯವರೆಗೂ ನೀರಿನಲ್ಲಿಯೇ ಉಳಿಯುತ್ತವೆ. ನೀರನ್ನು ಪಾತಿಯಿಂದ ಪಾತಿಗೆ ಹಾಯಿಸಿ, ತಕ್ಕ ಹೊತ್ತಿಗೆ ಉಪ್ಪನ್ನೆಳೆದು, ಕಹಿನೀರನ್ನು ಹೊರಬಿಡುವ ಕುಶಲತೆಗೆ ಪುಸ್ತಕದ ಹೆಸರು ಸ್ಫಟಿಕೀಕರಣ.

ಆಗರದಲ್ಲಿ ಉಪ್ಪು ಸಿಕ್ಕಿತು, ನೀರು ಆಕಾಶಕ್ಕೆ ಹೋಯಿತು. ನೀರೂ ಬೇಕೆಂದಾದರೆ ಆವಿಯನ್ನು ತಣಿಸಿ ಹಿಡಿಯಬೇಕು, ಅದೇ ಬಟ್ಟಿಯಿಳಿಸುವುದು. ಇದರ ಒಂದು ಸುಂದರವಾದ ಪ್ರಕಾರ ನೀಲಗಿರಿಯ ಬೆಟ್ಟಗಳಲ್ಲಿದೆ. ಆಸ್ಟ್ರೇಲಿಯದಿಂದ ೧೯ನೆಯ ಶತಮಾನದಲ್ಲಿ ಆ ಬೆಟ್ಟಗಳಿಗೆ ಬಂದ ಯೂಕಲಿಪ್ಟಸ್ ಮರಕ್ಕೆ ಕನ್ನಡದಲ್ಲಿ ಬೆಟ್ಟದ ಹೆಸರೇ ನಿಂತು, ಅದರ ಎಣ್ಣೆ ನಮಗೆ ನೀಲಗಿರಿ ಎಣ್ಣೆಯಾಯಿತು. ಈ ಎಣ್ಣೆಯ ಮುಖ್ಯಾಂಶವಾದ ಸಿನಿಯೋಲ್ ಕುದಿಯುವುದು ಸುಮಾರು ೧೭೬ ಡಿಗ್ರಿಯಲ್ಲಿ. ಎಲೆಗಳನ್ನು ಅಷ್ಟು ಕಾಯಿಸಿದರೆ ಅವು ಸುಟ್ಟು ಎಣ್ಣೆ ಕೆಡುತ್ತದೆ. ಅದಕ್ಕಾಗಿ ಎಲೆಗಳ ನಡುವೆ ನೀರಿನ ಹಬೆಯನ್ನು ಹಾಯಿಸುತ್ತಾರೆ. ಒಂದರೊಳಗೊಂದು ಬೆರೆಯದ ಎರಡು ದ್ರವಗಳು ಜೊತೆಯಾಗಿ ಕುದಿಯುವಾಗ ಎರಡರ ಆವಿಯ ಒತ್ತಡವೂ ಕೂಡುವುದರಿಂದ ೧೦೦ ಡಿಗ್ರಿಗೂ ಮೊದಲೇ ಎಣ್ಣೆ ಹಬೆಯೊಡನೆ ಹೊರಡುತ್ತದೆ. ತಣಿದ ಮೇಲೆ ನೀರು ಕೆಳಗೆ, ಎಣ್ಣೆ ಮೇಲೆ, ಇನ್ನು ಬಸಿದರಾಯಿತು. ಹೀಗೆ ಕಾವು ಮೊದಲು, ಭಾರ ಅನಂತರ, ಎರಡು ಗುಣಗಳನ್ನು ಸರದಿಯಾಗಿ ಬಳಸಿದಂತಾಯಿತು.

ಇನ್ನು ಕೆಲವು ಘನವಸ್ತುಗಳು ಕಾಯಿಸಿದಾಗ ದ್ರವವಾಗದೆಯೇ ಆವಿಯಾಗುತ್ತವೆ. ನವಸಾಗರವನ್ನು ಉಪ್ಪಿನಿಂದ ಬೇರ್ಪಡಿಸಲು ಇದೇ ಉಪಾಯ. ಕರ್ಪೂರ ತೆರೆದಿಟ್ಟಲ್ಲಿ ಸವೆಯುವುದೂ ಇದೇ ಗುಣದಿಂದ. ಸಂಸ್ಕೃತದ ರಸಗ್ರಂಥಗಳು ಊರ್ಧ್ವಪಾತನ, ಅಧಃಪಾತನ, ತಿರ್ಯಕ್ಪಾತನಗಳೆಂದು ಆವಿಯನ್ನು ಮೇಲಕ್ಕೋ ಕೆಳಕ್ಕೋ ಓರೆಗೋ ಒಯ್ಯುವ ಯಂತ್ರಗಳನ್ನು ವಿವರಿಸುತ್ತವೆ. ಉತ್ಪತನವೆಂಬ ಇಂದಿನ ಶಬ್ದದ ಬಂಧುವರ್ಗ ಅಲ್ಲಿದೆ.

ಬಣ್ಣಗಳ ಬೆರಕೆಯನ್ನು ಬಿಡಿಸುವುದಕ್ಕೆ ಉಪಾಧ್ಯಾಯರ ಕೈಯಲ್ಲಿರುವ ಸೀಮೆಸುಣ್ಣವೇ ಸಾಕು. ರಷ್ಯದ ಸಸ್ಯಶಾಸ್ತ್ರಜ್ಞ ತ್ಸ್ವೆತ್ ೧೯೦೩ರಲ್ಲಿ, ಗಾಜಿನ ಕೊಳವೆಯಲ್ಲಿ ತುಂಬಿದ ಸುಣ್ಣದ ಕಾರ್ಬನೇಟಿನ ಪುಡಿಯ ಮೂಲಕ ಎಲೆಯ ರಸವನ್ನು ಇಳಿಸಿದಾಗ ಹಸಿರು ಹಳದಿ ಪಟ್ಟೆಗಳು ಬೇರೆಬೇರೆಯಾಗಿ ನಿಂತುವು. ಪುಡಿಗೆ ಹೆಚ್ಚು ಅಂಟುವ ಬಣ್ಣ ಹಿಂದೆ, ಕಡಿಮೆ ಅಂಟುವುದು ಮುಂದೆ. ಇದೇ ಕ್ರೊಮಟಾಗ್ರಫಿ. ಸೀಮೆಸುಣ್ಣದ ತುಂಡಿನ ಬುಡದಿಂದ ಒಂದು ಬೆರಳಗಲ ಮೇಲೆ ಕಪ್ಪು ಶಾಯಿಯ ಉಂಗುರವನ್ನು ಬರೆದು, ಉಂಗುರ ಮುಳುಗದಷ್ಟು ನೀರಿನಲ್ಲಿ ಅದನ್ನು ನಿಲ್ಲಿಸಿದರೆ, ನೀರು ಏರಿದಂತೆ ಅನೇಕ ಶಾಯಿಗಳ ಕಪ್ಪು ನೀಲಿಯಾಗಿ, ಕೆಂಪಾಗಿ, ಹಳದಿಯಾಗಿ ಒಡೆಯುವುದನ್ನು ಕಾಣಬಹುದು. ನೀರಿನಲ್ಲಿ ಕರಗುವ ಶಾಯಿಯನ್ನೇ ಆರಿಸಿಕೊಳ್ಳಬೇಕು. ಪ್ರಯೋಗಶಾಲೆಯಿಲ್ಲವೆಂಬ ಕೊರತೆ ಈ ಪ್ರಯೋಗಕ್ಕೆ ಅಡ್ಡಬಾರದು.

ಒಂದಾದುದನ್ನು ಬಿಡಿಸುವುದು

ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ಅಂತರವನ್ನು ಚಿನ್ನ ಮತ್ತು ಕಬ್ಬಿಣಗಳ ಕಥೆ ಚೆನ್ನಾಗಿ ತೋರಿಸುತ್ತದೆ. ೧೮೮೦ರ ಸುಮಾರಿಗೆ ವಯನಾಡು ಮತ್ತು ನೀಲಗಿರಿಗಳ ನಡುವಣ ದೇವಾಲ, ಪಂದಲೂರುಗಳ ಕಡೆಗೆ ಚಿನ್ನದ ಆಸೆಯಿಂದ ಕಂಪನಿಗಳು ನುಗ್ಗಿದುವು; ಕೆಲವೇ ವರ್ಷಗಳಲ್ಲಿ ಆ ಭರಾಟೆ ಕುಸಿಯಿತು. ಅಲ್ಲಿ ಚಿನ್ನ ಇದ್ದುದು ಬಿಳಿಗಲ್ಲಿನಲ್ಲಿ ಚಿನ್ನವಾಗಿಯೇ. ತೊಡಕಿದ್ದುದು ಅದರ ಅಲ್ಪ ಪ್ರಮಾಣದಲ್ಲಿ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿಯೂ ಚಿನ್ನ ಇದೇ ರೀತಿ ಕಲ್ಲಿನಲ್ಲಿ ಬೆರೆತಿತ್ತು. ಕಲ್ಲನ್ನು ಪುಡಿಮಾಡಿ ತೊಳೆದರೆ ದೊಡ್ಡ ಕಣಗಳು ಸಿಕ್ಕುತ್ತವೆ. ಕಣ್ಣಿಗೆ ಕಾಣದ ಕಣಗಳಿಗಾಗಿ ಮಾತ್ರ ೧೮೮೭ರಲ್ಲಿ ಹೊರಬಂದ ಸಯನೈಡು ವಿಧಾನದಂತಹ ರಾಸಾಯನಿಕ ಉಪಾಯ ಬೇಕಾಯಿತು.

ಬಳ್ಳಾರಿ ರಾಯದುರ್ಗಗಳ ಕಡೆಯ ಕೆಂಪು ಅದಿರಿನ ಸಂಗತಿ ಹಾಗಲ್ಲ. ಶುದ್ಧವಾದ ಹೆಮಟೈಟಿನಲ್ಲಿ ನೂರಕ್ಕೆ ೭೦ರಷ್ಟು ಕಬ್ಬಿಣವಿದೆ. ಚಿನ್ನದ ಕಲ್ಲಿಗೆ ಹೋಲಿಸಿದರೆ ಇದು ಕುಬೇರನ ಭಂಡಾರವೇ ಸರಿ. ಆದರೂ ಎಷ್ಟು ನುಣ್ಣಗೆ ಪುಡಿಮಾಡಿ, ಎಷ್ಟು ನೀರಿನಲ್ಲಿ ಜಾಲಿಸಿದರೂ ಒಂದು ಸೂಜಿಗಾಗುವಷ್ಟು ಕಬ್ಬಿಣವೂ ಬಾರದು. ಅಲ್ಲಿ ಕಬ್ಬಿಣ ಆಮ್ಲಜನಕದೊಡನೆ ಒಂದಾಗಿದೆ. ಕುಲುಮೆಯ ಉರಿಯಲ್ಲಿ ಇದ್ದಿಲೋ ಕೋಕೋ ಬಂದು ಆಮ್ಲಜನಕವನ್ನು ತನ್ನ ಕಡೆಗೆ ಎಳೆದುಕೊಂಡಾಗ ಮಾತ್ರ ಕಬ್ಬಿಣ ಬಿಡುಗಡೆ ಹೊಂದುತ್ತದೆ. ನೀರಿನ ವಿಷಯವೂ ಹೀಗೆಯೇ. ಅದನ್ನು ಸಾವಿರ ಸಲ ಸೋಸಿ ಬಟ್ಟಿಯಿಳಿಸಿದರೂ ನೀರು ನೀರೇ. ೧೮೦೦ರಲ್ಲಿ ಲಂಡನ್ನಿನಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಅದರಲ್ಲಿ ವಿದ್ಯುತ್ತನ್ನು ಹಾಯಿಸಿದಾಗ ಜಲಜನಕ, ಆಮ್ಲಜನಕಗಳು ಗಾತ್ರದಲ್ಲಿ ಎರಡಕ್ಕೊಂದರಂತೆ ಬೇರೆಯಾದುವು.

ಹೆಸರುಗಳ ವಿಚಾರ

ಗಡಿನಾಡಿನ ತರಗತಿಯಲ್ಲಿ ಈ ಪಾಠಕ್ಕೆ ಇನ್ನೊಂದು ತೊಡಕೂ ಇದೆ, ಇನ್ನೊಂದು ಲಾಭವೂ ಇದೆ. ತೊಡಕೆಂದರೆ ಶಬ್ದಗಳದು. ಕನ್ನಡದಲ್ಲಿ ಸಂಯುಕ್ತ ಎನ್ನುವುದನ್ನು ಮಲಯಾಳದಲ್ಲಿಯೂ ಸಂಯುಕ್ತವೆನ್ನುತ್ತಾರೆ. ಮರಾಠಿಯಲ್ಲಿ ಸಂಯುಗ, ತಮಿಳಿನಲ್ಲಿ ಸೇರ್ಮಮ್. ತೆಲುಗಿನಲ್ಲಿ ಅದು ಸಮ್ಮೇಳನಂ. ಆದವಾನಿಯ ಕಡೆಯ ಕನ್ನಡದ ಮಗುವಿಗೆ ಸಮ್ಮೇಳನವೆಂದರೆ ಸಾಹಿತ್ಯ ಸಮ್ಮೇಳನ. ಅಲ್ಲಿಗೆ ಬಂದವರು ಮೂರು ದಿನ ಜೊತೆಗಿದ್ದು, ತಂತಮ್ಮ ಅಭಿಪ್ರಾಯಗಳನ್ನು ಒಂದಿಷ್ಟೂ ಬಿಟ್ಟುಕೊಡದೆ ಊರಿಗೆ ಮರಳುತ್ತಾರಾದುದರಿಂದ, ನಮ್ಮ ಸಮ್ಮೇಳನವನ್ನು ರಸಾಯನ ಶಾಸ್ತ್ರದ ಪ್ರಕಾರ ಮಿಶ್ರಣವೆಂದೇ ಹೇಳಬೇಕು! ನಗೆಯ ಮಾತು ಹಾಗಿರಲಿ; ಎರಡು ಭಾಷೆಗಳಲ್ಲಿ ಒಂದೇ ಶಬ್ದಕ್ಕೆ ಎರಡು ಅರ್ಥಗಳಿರುವುದನ್ನು ಮೊದಲೇ ಹೇಳಿಬಿಟ್ಟರೆ ಮಗುವಿನ ಗೊಂದಲ ತಪ್ಪುತ್ತದೆ.

ಲಾಭಕ್ಕೆ ಉದಾಹರಣೆ ಕರಗು ಎಂಬ ಕ್ರಿಯಾಪದ. ಬೆಣ್ಣೆ ಬಿಸಿಗೆ ಕರಗುತ್ತದೆ, ಉಪ್ಪು ನೀರಿನಲ್ಲಿ ಕರಗುತ್ತದೆ. ಕನ್ನಡದ ಮನೆಮಾತು ಎರಡಕ್ಕೂ ಒಂದೇ ಶಬ್ದವನ್ನು ಬಳಸುವುದರಿಂದ ಎರಡೂ ಒಂದೇ ಕ್ರಿಯೆಯೆಂದು ಮಕ್ಕಳು ಭಾವಿಸುವುದು ಸಹಜ. ಮೊದಲನೆಯದರಲ್ಲಿ ಇರುವುದು ಒಂದೇ ವಸ್ತು, ಅದರ ಸ್ಥಿತಿ ಬದಲಾಗಿದೆ; ಎರಡನೆಯದರಲ್ಲಿ ಎರಡು ವಸ್ತುಗಳು ಬೆರೆತಿವೆ. ಮಲಯಾಳದಲ್ಲಿ ಬೆಣ್ಣೆಗೆ ಉರುಕುಕ, ಉಪ್ಪಿಗೆ ಅಲಿಯುಕ ಎಂಬ ಬೇರೆಬೇರೆ ಶಬ್ದಗಳಿವೆ. ತಮಿಳಿನಲ್ಲಿ ಉರುಗು ಮತ್ತು ಕರೈ. ಮರಾಠಿಯಲ್ಲಿ ವಿತಳಣೆ ಮತ್ತು ವಿರಘಳಣೆ. ಕಾಸರಗೋಡಿನ, ತಾಳವಾಡಿಯ, ಜತ್ತದ ಮಗು ಬೀದಿಯಲ್ಲಿ ಈ ಭೇದವನ್ನು ಕಿವಿಯಾರೆ ಕೇಳಿರುತ್ತದೆ. ಅದನ್ನು ತರಗತಿಗೆ ತಂದು, ಇದು ದ್ರವಿಸುವುದು, ಅದು ವಿಲೀನವಾಗುವುದು ಎಂದು ತೋರಿಸಿಕೊಡುವ ಅವಕಾಶ ಒಳನಾಡಿನ ಉಪಾಧ್ಯಾಯರಿಗಿಂತ ನಮಗೆ ಹೆಚ್ಚು. ನೆರೆಯ ಭಾಷೆ ಕನ್ನಡಕ್ಕೆ ಎರವಾಗಬೇಕಾಗಿಲ್ಲ; ಕನ್ನಡದ ಪಾಠಕ್ಕೆ ದೀಪವಾಗಬಹುದು.

ಆಮ್ಲಜನಕ ಎಂಬ ಹೆಸರಿನ ಕಥೆಯನ್ನೂ ಇಲ್ಲಿ ಹೇಳಬಹುದು. ಎಲ್ಲ ಆಮ್ಲಗಳಲ್ಲಿಯೂ ಈ ವಾಯು ಇರುತ್ತದೆಂದು ನಂಬಿ ಲಾವಾಸಿಯೇ ಅದಕ್ಕೆ ಆಮ್ಲವನ್ನು ಹುಟ್ಟಿಸುವುದೆಂಬ ಅರ್ಥದ ಹೆಸರಿಟ್ಟನು. ಉಪ್ಪಿನಿಂದ ತಯಾರಾಗುವ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂದು ೧೮೧೦ರಲ್ಲಿ ಡೇವಿ ವಾದಿಸಿದನು, ಅದೇ ನಿಜವಾಯಿತು. ಹೆಸರು ಮಾತ್ರ ನಿಂತಿತು. ಕನ್ನಡದ ಆಮ್ಲಜನಕ, ತೆಲುಗಿನ ಆಮ್ಲಜನಿ ಎರಡೂ ಆ ಹಳೆಯ ನಂಬಿಕೆಯ ಅನುವಾದಗಳು. ಹೆಸರು ವಸ್ತುವಿನ ಗುಣವನ್ನು ಯಾವಾಗಲೂ ಹೇಳುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಗಾಳಿ ಕಲಿಸಿದ ಪಾಠ

ಗಾಳಿ ಮಿಶ್ರಣವೆಂಬುದಕ್ಕೆ ಪುಸ್ತಕಗಳು ಕೊಡುವ ಕಾರಣಗಳಿಗಿಂತ ಒಂದು ಐತಿಹಾಸಿಕ ಘಟನೆ ಹೆಚ್ಚು ರುಚಿಕರವಾಗಿದೆ. ಇಂಗ್ಲೆಂಡಿನ ರ‍್ಯಾಲೆ ಪ್ರಭು ಸಾರಜನಕವನ್ನು ಎರಡು ಮಾರ್ಗಗಳಿಂದ ಪಡೆದು ತೂಗಿದನು. ಗಾಳಿಯಿಂದ ಆಮ್ಲಜನಕಾದಿಗಳನ್ನು ತೆಗೆದು ಉಳಿಸಿಕೊಂಡ ಸಾರಜನಕ ಲೀಟರಿಗೆ ೧.೨೫೭೨ ಗ್ರಾಂ ತೂಗಿದರೆ, ಸಂಯುಕ್ತಗಳನ್ನು ಒಡೆದು ಪಡೆದುದು ೧.೨೫೦೫ ಗ್ರಾಂ ಮಾತ್ರ ತೂಗಿತು. ಅಂತರ ಇನ್ನೂರರಲ್ಲೊಂದು ಪಾಲು. ಇನ್ನೊಬ್ಬನಾಗಿದ್ದರೆ ತಕ್ಕಡಿಯನ್ನು ದೂರಿ ಸುಮ್ಮನಿರುತ್ತಿದ್ದನು. ಸಂಯುಕ್ತದಿಂದ ಬಂದ ಸಾರಜನಕಕ್ಕೆ ಪ್ರಮಾಣದ ಕಟ್ಟುಂಟು, ಅಲ್ಲಿ ಬೇರೊಂದು ಕಳ್ಳತನದಿಂದ ಸೇರಲಾರದು. ಗಾಳಿ ಬರಿಯ ಮಿಶ್ರಣ, ಅದರಲ್ಲಿ ಯಾವುದು ಬೇಕಾದರೂ ಅಡಗಿರಬಹುದು. ಈ ವಿವೇಕದಿಂದ ಹುಡುಕಿದಾಗ ೧೮೯೪ರಲ್ಲಿ ರ‍್ಯಾಲೆ ಮತ್ತು ರಾಮ್ಸೆ ಇಬ್ಬರಿಗೂ ಆರ್ಗಾನ್ ಎಂಬ ಹೊಸ ಮೂಲವಸ್ತು ಸಿಕ್ಕಿತು. ೧೭೮೫ರಷ್ಟು ಹಿಂದೆಯೇ ಕ್ಯಾವೆಂಡಿಷ್ ಎಂಬವನು ಗಾಳಿಯಲ್ಲಿ ಯಾವುದರೊಡನೆಯೂ ಕೂಡದ ಒಂದು ಸಣ್ಣ ಗುಳ್ಳೆ ಉಳಿಯುವುದನ್ನು ಗುರುತಿಸಿದ್ದನು. ಅದರ ಹೆಸರು ಹೊರಬರಲು ನೂರು ವರ್ಷಗಳ ಮೇಲಾಯಿತು. ಗಾಳಿಯಲ್ಲಿ ನೂರಕ್ಕೆ ೭೮ ಸಾರಜನಕ, ೨೧ ಆಮ್ಲಜನಕ, ಸುಮಾರು ಒಂದು ಆರ್ಗಾನ್ ಎಂಬ ಸಾಲಿನ ಹಿಂದೆ ಇಷ್ಟು ಕಥೆಯಿದೆ.

ಗಾಳಿಯನ್ನು ಬೇರ್ಪಡಿಸುವುದು ಬರಿಯ ಪಾಠದ ಮಾತೂ ಅಲ್ಲ. ೨೦೨೧ರ ಬೇಸಗೆಯಲ್ಲಿ ಸಾಂಕ್ರಾಮಿಕ ರೋಗ ಹೆಚ್ಚಿದಾಗ ದೇಶದ ಆಸ್ಪತ್ರೆಗಳು ಆಮ್ಲಜನಕಕ್ಕಾಗಿ ಬಾಯಿಬಿಟ್ಟುದನ್ನು ಯಾರೂ ಮರೆತಿಲ್ಲ. ಸುತ್ತಣ ಗಾಳಿಯ ಐದರಲ್ಲೊಂದು ಪಾಲು ಆಮ್ಲಜನಕವೇ. ಕೊರತೆಯಿದ್ದುದು ಅದನ್ನು ಬೇರ್ಪಡಿಸಿ, ತುಂಬಿ, ಮುಟ್ಟಿಸುವ ಸಾಧನಗಳಲ್ಲಿ. ದ್ರವವಾಗಿಸಿದ ಗಾಳಿಯಲ್ಲಿ ಸಾರಜನಕ ಸೊನ್ನೆಗಿಂತ ೧೯೬ ಡಿಗ್ರಿ ಕೆಳಗೆ ಕುದಿದರೆ ಆಮ್ಲಜನಕ ೧೮೩ ಡಿಗ್ರಿ ಕೆಳಗೆ ಕುದಿಯುತ್ತದೆ. ಈ ಹದಿಮೂರು ಡಿಗ್ರಿಗಳ ಅಂತರದ ಮೇಲೆ ಎಷ್ಟೋ ಉಸಿರುಗಳು ನಿಂತಿದ್ದುವು.

ತಿಳಿಯಾದ ನೀರು ಶುದ್ಧವಾದ ನೀರೆ?

ಕೊನೆಯದಾಗಿ ನೀರಿನ ಮಾತು. ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿ ತಿಳಿಗೊಳಿಸುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ. ಪಟಿಕವೂ ಇದೇ ಕೆಲಸವನ್ನು ಮಾಡುತ್ತದೆ. ತಿಳಿಯಾದ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಕುಡಿದರೆ ಕಾಲರಾ ಮೊದಲಾದ ರೋಗಗಳಿಂದ ರಕ್ಷಣೆಯಿದೆ. ಇದನ್ನು ಮಕ್ಕಳಿಗೆ ಕಲಿಸುತ್ತೇವೆ, ಕಲಿಸಲೇಬೇಕು. ಆದರೆ ಅನಂತಪುರದ ಸೀಮೆಯಲ್ಲಿ, ತೆಲಂಗಾಣದ ನಲ್ಗೊಂಡದಲ್ಲಿ, ಇನ್ನೂ ಅನೇಕ ಬರಡು ಪ್ರದೇಶಗಳಲ್ಲಿ ಆಳದ ಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ಫ್ಲೋರೈಡು ಕರಗಿರುತ್ತದೆ. ಅದು ಹಾಲು ನೀರಿನ ಬಗೆ. ಬಟ್ಟೆಗೆ ಸಿಕ್ಕದು, ನಾಲಗೆಗೆ ತಿಳಿಯದು. ಕುದಿಸಿದರೆ ನೀರು ಆರಿ ಅದರ ಪ್ರಮಾಣ ಇನ್ನಷ್ಟು ಏರುವುದೇ ಹೊರತು ಇಳಿಯದು. ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಕ್ಕದಿದ್ದರೂ ಒಂದೂವರೆ ಮಿಲಿಗ್ರಾಮಿನ ಮಿತಿಯನ್ನು ದಾಟಲೇಬಾರದು ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಮೀರಿದರೆ ಹಲ್ಲುಗಳಲ್ಲಿ ಕಂದು ಕಲೆ, ಇನ್ನೂ ಮೀರಿದರೆ ಬೆನ್ನು ಮೊಣಕಾಲುಗಳ ಬಿಗಿತ, ಮೂಳೆಗಳ ವಿಕಾರ. ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಮೊದಲು ವರದಿಮಾಡಿದುದು ೧೯೩೭ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಇದಕ್ಕೆ ಪರಿಹಾರವೂ ನಮ್ಮ ತತ್ತ್ವದಿಂದಲೇ ಬರಬೇಕು. ಫ್ಲೋರೈಡನ್ನು ಹಿಡಿಯಬಲ್ಲ ವಸ್ತುವನ್ನು ನೀರಿನಲ್ಲಿ ಹುಟ್ಟಿಸಿ, ಅದನ್ನು ಕಣ್ಣಿಗೆ ಕಾಣುವ ಕಣವಾಗಿಸಿ, ಆಮೇಲೆ ಸೋಸಬೇಕು. ನಲ್ಗೊಂಡ ವಿಧಾನವೆಂದು ಹೆಸರಾದ ಉಪಾಯದಲ್ಲಿ ತಕ್ಕ ಪ್ರಮಾಣದ ಸುಣ್ಣವನ್ನೂ ಪಟಿಕವನ್ನೂ ಹಾಕಿ ಕಲಕುತ್ತಾರೆ. ಆಗ ಅಲ್ಯೂಮಿನಿಯಮ್ಮಿನ ಹತ್ತಿಯಂತಹ ಕಣಗಳು ಹುಟ್ಟಿ, ಫ್ಲೋರೈಡಿನ ಬಹುಭಾಗವನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತವೆ. ತಿಳಿಯನ್ನು ಬಸಿದು ಸೋಸಿದರಾಯಿತು. ಮೂರನೆಯ ಬಗೆಯ ನೆರವಿನಿಂದ ಎರಡನೆಯ ಬಗೆಯದನ್ನು ಮೊದಲನೆಯ ಬಗೆಗೆ ಇಳಿಸಿದಂತೆ ಇದು. ಪ್ರಮಾಣ ನೀರಿನ ಪರೀಕ್ಷೆಯ ಮೇಲೆ ನಿಲ್ಲುವುದರಿಂದ ಕಣ್ಣಂದಾಜಿನಲ್ಲಿ ಮಾಡತಕ್ಕ ಕೆಲಸ ಇದಲ್ಲ. ನೀರನ್ನು ಪರೀಕ್ಷೆಗೆ ಕಳುಹಿಸುವುದೇ ಮೊದಲ ಹೆಜ್ಜೆ.

ಮಡಕಶಿರದ ಕಡೆಯ ಒಂದು ಮಗು ಸೋಸುವಿಕೆಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಹತ್ತಕ್ಕೆ ಹತ್ತು ಅಂಕಗಳನ್ನು ಪಡೆಯಬಹುದು. ಸೋಸಿದರೆ ಹೋಗುವುದು ಯಾವುದು, ಸೋಸಿದರೂ ಹೋಗದೆ ಉಳಿಯುವುದು ಯಾವುದು ಎಂದು ಅದಕ್ಕೆ ತಿಳಿಯದಿದ್ದರೆ ಆ ಅಂಕಗಳಿಂದ ಅದರ ಮೂಳೆಗೆ ರಕ್ಷಣೆಯಿಲ್ಲ. ತಿಳಿದಿದ್ದರೆ ತಾನು ಮಾತ್ರವಲ್ಲ, ಮನೆಯವರೂ ಕುಡಿಯುವ ನೀರಿನ ವಿಷಯದಲ್ಲಿ ಒಂದು ಪ್ರಶ್ನೆಯನ್ನು ಕೇಳುತ್ತದೆ. ಯಾವ ಬೆರಕೆಯನ್ನು ಕಂಡರೂ ಮಕ್ಕಳು ಕೇಳಬೇಕಾದ ಪ್ರಶ್ನೆಗಳು ಮೂರೇ: ಇದರಲ್ಲಿ ಏನೇನಿದೆ? ಅವು ಬೆರೆತಿವೆಯೋ ಒಂದಾಗಿವೆಯೋ? ಯಾವ ಗುಣದಲ್ಲಿ ಅವು ಬೇರೆಬೇರೆ? ಈ ಮೂರನ್ನು ತಾಯ್ನುಡಿಯಲ್ಲಿ ಸ್ಪಷ್ಟವಾಗಿ ಕೇಳಲು ಕಲಿತ ಮಗು ಮುಂದೆ ಯಾವ ಭಾಷೆಯ ಪುಸ್ತಕವನ್ನು ತೆರೆದರೂ ಎಡವದು. ಗಡಿನಾಡಿನ ಉಪಾಧ್ಯಾಯರು ಈ ಪಾಠವನ್ನು ಮೊರ ಜರಡಿಗಳಿಂದ ಆರಂಭಿಸಿ ಊರ ಬಾವಿಯ ಕಟ್ಟೆಯವರೆಗೆ ಕೊಂಡೊಯ್ಯಲೆಂದು ನಾವು ಆಶಿಸುತ್ತೇವೆ.